ಬೆಲ್ಲ ನೀರು ಕೊಟ್ಟ ಮೇಲೆ

ಉಡುಪಿಯಿಂದ ಮೂಡು ದಿಕ್ಕಿಗೆ ಹೋಗುವ ಬಸ್ಸಿನಿಂದ ಇಳಿದು, ಅಡಿಕೆ ತೋಟದ ಅಂಚಿನಲ್ಲಿ ಹತ್ತು ನಿಮಿಷ ನಡೆದರೆ ಆ ಅಜ್ಜಿಯ ಮನೆ. ನಾವು ಹೋದದ್ದು ಜೂನ್ ಕೊನೆಗೆ. ಅಂಗಳ ಪಾಚಿ ಹಿಡಿದಿತ್ತು, ಕಾಲು ಜಾರದ ಹಾಗೆ ಸೋಗೆ ಹಾಸಿದ್ದರು. ಮುಂದೆ ಊರಿನ ಆಶಾ ಕಾರ್ಯಕರ್ತೆ, ನಮ್ಮ ಬಾಯಲ್ಲಿ ಆಶಾ ಅಕ್ಕ, ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಟ್ಯಾಬ್ ಸುತ್ತಿ ಹಿಡಿದುಕೊಂಡ ನಾನು. ಅಜ್ಜಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಬೀಡಿಯ ತಡ್ಪೆಯನ್ನು, ಅಂದರೆ ಮೊರವನ್ನು, ಬದಿಗೆ ಸರಿಸಿ "ಬಲ ಮಗಾ, ಕುಲ್ಲು" ಎಂದರು, ಬಾ, ಕೂತುಕೋ ಎಂದು. ನಾನು ಯಾರು, ಯಾಕೆ ಬಂದೆ ಎಂದು ಕೇಳುವ ಮೊದಲೇ ಒಳಗಿನಿಂದ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಬಂತು.

ನಾನು ಮಾಹಿತಿ ಪತ್ರ ತೆಗೆದು ಓದಿದೆ. ನಾಲ್ಕು ಪುಟ. ಮುದ್ರಣದಲ್ಲಿ ಕನ್ನಡ, ಓದುವಾಗ ತುಳು. ದುಡಿಯುವ ಹೆಂಗಸರ ರಕ್ತಹೀನತೆ ಮತ್ತು ಬಿಪಿಯ ಬಗ್ಗೆ ಮನೆಮನೆ ಸಮೀಕ್ಷೆ, ಬೆರಳಿನಿಂದ ಒಂದು ಹನಿ ರಕ್ತ, ಮುಕ್ಕಾಲು ಗಂಟೆಯ ಪ್ರಶ್ನೆಗಳು, ಹೆಸರು ಎಲ್ಲೂ ಬರುವುದಿಲ್ಲ, ಭಾಗವಹಿಸುವುದು ನಿಮ್ಮ ಇಷ್ಟ. ಅಜ್ಜಿ ಪ್ರತಿ ವಾಕ್ಯಕ್ಕೂ ತಲೆಯಾಡಿಸಿ "ಆವು ಮಗಾ, ಆವು" ಎನ್ನುತ್ತಿದ್ದರು. ಕೊನೆಗೆ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಯ ಜಾಗದಲ್ಲಿ ಆಶಾ ಅಕ್ಕ ಸಹಿ ಹಾಕಿದರು. ಎಲ್ಲವೂ ನಿಯಮದ ಪ್ರಕಾರ ನಡೆಯಿತು ಎಂದುಕೊಂಡೇ ನಾನು ಮುಂದಿನ ಮನೆಗೆ ಹೋದೆ.

ಎರಡು ವಾರ ಕಳೆದು ಆಶಾ ಅಕ್ಕ ಫೋನ್ ಮಾಡಿದರು. ಅಜ್ಜಿ ಎರಡು ಸಲ ಕೇಳಿದರಂತೆ: "ಪಿಂಚಣಿ ಏಪ ಬರ್ಪುಂಡು?" ಪಿಂಚಣಿ ಯಾವಾಗ ಬರುತ್ತದೆ? ರಕ್ತ ಕೊಟ್ಟಾಯಿತು, ಹೆಬ್ಬೆಟ್ಟು ಒತ್ತಿಯಾಯಿತು, ಇನ್ನೂ ಯಾಕೆ ಬರಲಿಲ್ಲ ಎಂದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಈ ಅಧ್ಯಯನದಿಂದ ನಿಮಗೆ ನೇರವಾದ ಪ್ರಯೋಜನ ಇಲ್ಲ" ಎಂಬ ಸಾಲು ಮೂರನೇ ಪುಟದಲ್ಲಿತ್ತು. ನಾನು ಅದನ್ನು ಓದಿದ್ದೆ. ಹೇಗೆ ಓದಿದೆ ಎಂದು ನೆನಪು ಮಾಡಿಕೊಂಡೆ: ಮಳೆ ಜೋರಾಗುತ್ತಿತ್ತು, ಇನ್ನೂ ನಾಲ್ಕು ಮನೆ ಬಾಕಿ ಇತ್ತು, ಆ ಸಾಲು ಹೇಳಲು ನನಗೇ ಸ್ವಲ್ಪ ಮುಜುಗರ ಇತ್ತು. ಹಾಗಾಗಿ ಸ್ವರ ತಗ್ಗಿಸಿ, ಬೇಗ ದಾಟಿಸಿಬಿಟ್ಟಿದ್ದೆ.

ಕ್ಷೇತ್ರಕ್ಕೆ ಇಳಿಯುವ ನಮ್ಮ ಬಾಯಲ್ಲಿ ಒಂದು ಮಾತುಂಟು: "ಕನ್ಸೆಂಟ್ ತಗೊಂಡ್ರಾ?" ರಕ್ತ ತಗೊಂಡ್ರಾ, ಬಿಪಿ ತಗೊಂಡ್ರಾ ಎಂದ ಹಾಗೆಯೇ. ಒಪ್ಪಿಗೆ ಅಂದರೆ ಅವರಿಂದ ನಾವು ಪಡೆದುಕೊಂಡು ಚೀಲಕ್ಕೆ ಹಾಕುವ ಒಂದು ವಸ್ತು ಎಂಬಂತೆ. ಆ ಕ್ರಿಯಾಪದವೇ ತಪ್ಪು ಎಂದು ನನಗೆ ಹೊಳೆದದ್ದು ಆ ಫೋನಿನ ನಂತರ.

ತುಳುವಿನಲ್ಲಿ "ಅಂದ್" ಎಂದರೆ ಹೌದು. "ಆವು" ಎಂದರೆ ಆಗಲಿ, ಸರಿ. ಎರಡರ ನಡುವೆ ದೊಡ್ಡ ಕಂದರ ಇದೆ. ಮನೆಗೆ ಬಂದವರು ಏನು ಹೇಳಿದರೂ "ಆವು" ಎನ್ನುವುದು ಮರ್ಯಾದೆ. ಬೆಲ್ಲ ನೀರು ಕೊಟ್ಟ ಮೇಲೆ ಬಂದವರಿಗೆ ಎದುರು ಹೇಳುವ ಕ್ರಮ ನಮ್ಮಲ್ಲಿಲ್ಲ. ಬೇಡ ಎನ್ನಬೇಕಾದಾಗ ಜನ "ಬೊಡ್ಚಿ" ಎಂದು ನೇರವಾಗಿ ಹೇಳುವುದು ಅಪರೂಪ. "ತೂಕ" ಎನ್ನುತ್ತಾರೆ, ಕನ್ನಡದಲ್ಲಾದರೆ "ನೋಡುವ". ಹೊರಗಿನಿಂದ ಬಂದ ತರುಣ ವೈದ್ಯರು ಆ "ನೋಡುವ" ಕೇಳಿ, ಹಾಗಾದರೆ ನಾಳೆ ಬರುತ್ತೇನೆ ಎಂದು ಡೈರಿಯಲ್ಲಿ ಬರೆದುಕೊಳ್ಳುವುದನ್ನು ನೋಡಿದ್ದೇನೆ. ಮರುದಿನ ಹೋದರೆ ಬಾಗಿಲು ಹಾಕಿರುತ್ತದೆ. ಇಲ್ಲ ಎನ್ನುವುದಕ್ಕೆ ಆ ಮನೆಯವರ ಹತ್ತಿರ ಉಳಿದ ದಾರಿ ಅದೊಂದೇ.

ಇನ್ನೊಂದು ವಿಷಯ. ನಮ್ಮ ಕಡೆ "ಸರ್ವೆ" ಎಂಬ ಪದಕ್ಕೆ ಜನರ ಮನಸ್ಸಿನಲ್ಲಿ ಇರುವ ಅರ್ಥವೇ ಬೇರೆ. ಸರ್ವೆ ಎಂದರೆ ಪಟ್ಟಿ. ಪಟ್ಟಿಯಲ್ಲಿ ಹೆಸರು ಸೇರಿದರೆ ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ. ತಪ್ಪು ಉತ್ತರ ಕೊಟ್ಟರೆ ಬಿಪಿಎಲ್ ಕಾರ್ಡಿಗೆ ಕುತ್ತು. ಎಂಡೋಸಲ್ಫಾನ್‌ನಿಂದ ನೊಂದ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯ ಮನೆಗಳಿಗಂತೂ ಆರೋಗ್ಯ ಸಮೀಕ್ಷೆ ಎಂದರೆ ಸಂತ್ರಸ್ತರ ಪಟ್ಟಿಯಲ್ಲಿ ಇರುವುದು ಅಥವಾ ಇಲ್ಲದಿರುವುದು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಪರಿಹಾರಕ್ಕಾಗಿ ಮನೆಯವರ ಅಲೆದಾಟ ಅಲ್ಲಿಗೆ ನಿಲ್ಲಲಿಲ್ಲ. ಹೀಗಿರುವ ಊರಿನಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿ, ಆಶಾ ಕಾರ್ಯಕರ್ತೆಯ ಜೊತೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವಳು ಸರಕಾರದ ಕಡೆಯವಳಲ್ಲ ಎಂದು ಅಜ್ಜಿ ಯಾಕೆ ನಂಬಬೇಕು? ಅವರ ತಿಳಿವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಗೊತ್ತಿದ್ದ ಲೋಕದ ಪ್ರಕಾರ ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ನಮ್ಮ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯ ನೀತಿಯನ್ನು ಪರಿಶೀಲಿಸುವ ಸಮಿತಿಯ, ಅನುಮತಿ ಇತ್ತು. ಅದು ಸುಲಭವಾಗಿ ಸಿಕ್ಕಿದ್ದೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಈ ಬಗ್ಗೆ ಮೊದಲ ನೀತಿ ಹೇಳಿಕೆ ತಂದದ್ದು 1980ರಲ್ಲಿ. ಆಮೇಲೆ 2000, 2006, ಈಗ ಚಾಲ್ತಿಯಲ್ಲಿರುವುದು 2017ರ ಮಾರ್ಗಸೂಚಿ. ಅದರ ಪ್ರಕಾರ ಸಮಿತಿಯಲ್ಲಿ 7ರಿಂದ 15 ಜನ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಆಗಿರಬೇಕು, ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಮತ್ತು ಊರಿನ ಸಾಮಾನ್ಯ ವ್ಯಕ್ತಿಯೊಬ್ಬರು ಇರಬೇಕು. ಈ ಕೊನೆಯ ಕುರ್ಚಿಯ ಬೆಲೆ ನನಗೆ ಗೊತ್ತಾದದ್ದು ನಮ್ಮ ಪ್ರಸ್ತಾವ ಚರ್ಚೆಗೆ ಬಂದ ದಿನ.

ಬರೇ ಪ್ರಶ್ನೆ ಕೇಳುವ ಸಮೀಕ್ಷೆ, ಒಂದು ಹನಿ ರಕ್ತ, ಅಪಾಯ ಎಂತ ಉಂಟು ಎಂಬ ಧೈರ್ಯದಲ್ಲಿ ನಾವು ಹೋಗಿದ್ದೆವು. ಅಪಾಯಗಳು ಎಂಬ ತಲೆಬರಹದ ಕೆಳಗೆ "ಬೆರಳಿಗೆ ಚುಚ್ಚುವಾಗ ಸ್ವಲ್ಪ ನೋವಾಗಬಹುದು" ಎಂದು ಬರೆದಿದ್ದೆವು. ವೈದ್ಯರು ಯಾರೂ ಆ ಸಾಲಿನ ಹತ್ತಿರ ನಿಲ್ಲಲಿಲ್ಲ. ಸಾಮಾನ್ಯ ಸದಸ್ಯರಾಗಿ ಕೂತಿದ್ದವರು ನಿವೃತ್ತ ಶಾಲಾ ಟೀಚರ್. ಅವರ ತಾಯಿ ಬೀಡಿ ಕಟ್ಟಿ ಅವರನ್ನು ಓದಿಸಿದವರು. ಆ ಟೀಚರ್ ಕೇಳಿದರು: "ಯಾವ ಬೆರಳಿಗೆ ಚುಚ್ಚುತ್ತೀರಿ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಎಲೆ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು, ಎಲ್ಲಾ ಬೆರಳ ತುದಿಯಲ್ಲೇ. ಗಾಯವಾದ ಬೆರಳಿಗೆ ಹೊಗೆಸೊಪ್ಪಿನ ಹುಡಿ ತಾಗಿದರೆ ಉರಿ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ನೀವು ಮುಕ್ಕಾಲು ಗಂಟೆ ಕೂರಿಸುತ್ತೀರಿ, ಆಮೇಲೆ ಆ ದಿನ ಅವರ ಕೈ ನಿಧಾನವಾಗುತ್ತದೆ, ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವಾಗ ಲೆಕ್ಕ ಕಡಿಮೆ ಬೀಳುತ್ತದೆ. ಇದು ಅಪಾಯ ಅಲ್ಲವೋ ಎಂದರು ಅವರು. ಆಮೇಲೆ ನಾವು ಎಡಗೈಯ ಉಂಗುರ ಬೆರಳು ಎಂದು ಬರೆದೆವು, ಅದರಲ್ಲೂ ತುದಿ ಬಿಟ್ಟು ಬದಿಗೆ. ಚುಚ್ಚಿದ ಜಾಗಕ್ಕೆ ಅಂಟಿಸಲು ಪ್ಲಾಸ್ಟರ್ ಕೊಟ್ಟೆವು. ಹೆಂಗಸರು ಬೀಡಿ ಕೊಟ್ಟು ಬಂದ ಮೇಲಿನ ಹೊತ್ತಿಗೆ ಹೋಗುವುದು ಎಂದು ತಿದ್ದಿದೆವು. ಮೂರು ಸಾಲಿನ ತಿದ್ದುಪಡಿ. ನಾನು ಕಂಡ ಅತ್ಯಂತ ಒಳ್ಳೆಯ ನೈತಿಕ ಪರಿಶೀಲನೆ ಅದು.

ಅನುವಾದದ್ದು ಬೇರೆಯೇ ಕಥೆ. ನಮ್ಮ ಮೊದಲ ಕರಡಿನಲ್ಲಿ "ಯಾದೃಚ್ಛಿಕವಾಗಿ ಆಯ್ಕೆಯಾದ", "ಸ್ವಯಂಪ್ರೇರಿತ", "ಗೌಪ್ಯತೆ" ಎಲ್ಲಾ ಇತ್ತು. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಪುನಃ ಇಂಗ್ಲಿಷಿಗೆ ಮಾಡಿಸಿ ಹೋಲಿಸುವ ಕ್ರಮ ಇದೆ. ಅದರಲ್ಲಿ ನಾವು ಪಾಸಾದೆವು. ಆದರೆ ಕಾಗದದಿಂದ ಕಾಗದಕ್ಕೆ ಅರ್ಥ ಸರಿಯಾಗಿ ದಾಟಿದರೆ ಸಾಕೇ? ಆ ಮಾತು ಜಗಲಿಗೆ ದಾಟಬೇಕು. ಕೊನೆಗೆ "ಚೀಟಿ ಎತ್ತಿದ ಹಾಗೆ ನಿಮ್ಮ ಮನೆ ಬಂತು" ಎಂದು ಬರೆದೆವು. "ನೀವು ಹೇಳಿದ್ದು ಅತ್ತೆಗಾಗಲಿ, ಆಶಾ ಅಕ್ಕನಿಗಾಗಲಿ, ಪಂಚಾಯತಿಗಾಗಲಿ ಗೊತ್ತಾಗುವುದಿಲ್ಲ" ಎಂದು ಬರೆದೆವು. ಗೌಪ್ಯತೆ ಎಂಬ ಪದಕ್ಕೆ ಅಲ್ಲಾಡದ ಮುಖಗಳು ಈ ವಾಕ್ಯಕ್ಕೆ ತಲೆ ಎತ್ತಿ ನೋಡಿದವು.

ಸಮಿತಿ ಇನ್ನೊಂದು ವಿಷಯಕ್ಕೆ ನಮ್ಮನ್ನು ತಡೆಯಿತು, ಅದಕ್ಕೂ ನಾನು ಋಣಿ. ಟ್ಯಾಬ್ ಪ್ರತಿ ಮನೆಯ ಜಿಪಿಎಸ್ ಗುರುತನ್ನು ತಾನೇ ಬರೆದುಕೊಳ್ಳುತ್ತಿತ್ತು, ದಶಾಂಶದ ಐದು ಸ್ಥಾನದವರೆಗೆ. ಐದು ಸ್ಥಾನ ಎಂದರೆ ಹೆಚ್ಚು ಕಡಿಮೆ ಒಂದು ಮೀಟರು. ಮನೆಗಳು ಒತ್ತೊತ್ತಾಗಿರುವ ಬಯಲುಸೀಮೆಯ ಊರಿನಲ್ಲಾದರೆ ಒಂದು ಬಿಂದು ಯಾವ ಮನೆಯದ್ದೆಂದು ಗೊಂದಲವಾದೀತು. ನಮ್ಮಲ್ಲಿ ಹಾಗಲ್ಲ; ಒಂದು ಗದ್ದೆಯ ಬದಿಗೆ ಒಂದು ಮನೆ, ಒಂದು ತೋಟಕ್ಕೆ ಒಂದು ಮನೆ. ಹೆಸರು ಅಳಿಸಿದರೇನು, ಆ ಬಿಂದುವೇ ಹೆಸರು. ಎರಡು ಸ್ಥಾನಕ್ಕೆ ಇಳಿಸಿದೆವು, ಅಂದರೆ ಸುಮಾರು ಒಂದು ಕಿಲೋಮೀಟರಿನ ಅಂದಾಜು.

ಇಷ್ಟೆಲ್ಲ ಇದ್ದೂ ಅಜ್ಜಿಯ ಮನೆಯಲ್ಲಿ ಆದದ್ದು ಆಯಿತು. ಸಮಿತಿ ಕೊಟ್ಟದ್ದು ನಾನು ಬಾಗಿಲವರೆಗೆ ಹೋಗಬಹುದು ಎಂಬ ಅನುಮತಿ. ಬಾಗಿಲಿನ ಒಳಗಿನ ಅನುಮತಿ ಅದಲ್ಲ.

ಸಹಿ ಇದೆ, ಒಪ್ಪಿಗೆ ಇಲ್ಲ ಎಂಬ ಸ್ಥಿತಿ ನಮ್ಮ ದೇಶದಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣದಲ್ಲಿರುವ ಖಮ್ಮಂ ನೆನಪಾಗುತ್ತದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಪ್ರಾತ್ಯಕ್ಷಿಕೆ ಯೋಜನೆ 2009ರಲ್ಲಿ ಅಲ್ಲೂ ಗುಜರಾತಿನ ವಡೋದರಾದಲ್ಲೂ ಶುರುವಾಯಿತು, 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ. 2010ರ ಏಪ್ರಿಲಿನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಹಾಸ್ಟೆಲಿನಲ್ಲಿದ್ದ ಮಕ್ಕಳ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು ಎಂಬುದು ತನಿಖೆಯಲ್ಲಿ ಬಯಲಾಯಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಠಿಣವಾಗಿ ಬರೆಯಿತು. ಲಸಿಕೆಯ ಗುಣದ ಬಗ್ಗೆ ನಾನು ಇಲ್ಲಿ ಮಾತಾಡುತ್ತಿಲ್ಲ, ಅದು ಒಳ್ಳೆಯ ಲಸಿಕೆ. ಮಾತಾಡುತ್ತಿರುವುದು ವಾರ್ಡನ್ನಿನ ಸಹಿಯ ಬಗ್ಗೆ. ಅಜ್ಜಿಯ ಹೆಬ್ಬೆಟ್ಟಿನ ಪಕ್ಕ ಆಶಾ ಅಕ್ಕ ಹಾಕಿದ ಸಹಿಯನ್ನು ನೋಡುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಓದಲು ಬಾರದವರ ಒಪ್ಪಿಗೆಗೆ ಅಧ್ಯಯನಕ್ಕೆ ಸಂಬಂಧವಿಲ್ಲದ, ಓದುಬಲ್ಲ ಸಾಕ್ಷಿ ಬೇಕು. ನಮಗೆ ಮನೆ ತೋರಿಸಲೆಂದೇ ಬಂದವರು ಆ ಸಾಕ್ಷಿ ಹೇಗಾದಾರು?

ಆಶಾ ಅಕ್ಕನ ಮೇಲೆ ನನಗೆ ದೂರಿಲ್ಲ. ಅವರಿಲ್ಲದಿದ್ದರೆ ನಾಯಿ ಬೊಗಳುವ ಆ ಗೇಟುಗಳ ಒಳಗೆ ನಾವು ಕಾಲಿಡುತ್ತಿರಲಿಲ್ಲ. ಆದರೆ ತಾಯಿ ಕಾರ್ಡು ಮಾಡಿಸಿಕೊಟ್ಟವರು, ಮಗುವಿನ ಲಸಿಕೆಗೆ ನೆನಪಿಸುವವರು, ನಾಳೆ ಹೆರಿಗೆ ನೋವು ಬಂದರೆ ಆಂಬುಲೆನ್ಸಿಗೆ ಫೋನ್ ಮಾಡಬೇಕಾದವರು ಎದುರು ನಿಂತಿರುವಾಗ "ನಮಗೆ ಬೇಡ" ಎನ್ನಲು ಯಾವ ಸೊಸೆಗೆ ಬಾಯಿ ಬರುತ್ತದೆ? ಕಡಲ ಬದಿಯ ಮೀನುಗಾರ ಮೊಗವೀರರ ಊರುಗಳಲ್ಲಿ ಮುಖಂಡರಾದ ಗುರಿಕಾರರನ್ನು ಮೊದಲು ಕಂಡು ಮಾತಾಡುವುದು ಗೌರವದ ಕ್ರಮ, ನಾವೂ ಹಾಗೆ ಮಾಡಿದೆವು. ಗುರಿಕಾರರು "ಆಗಲಿ" ಎಂದ ಮೇಲೆ ಆ ಬೀದಿಯಲ್ಲಿ ಒಬ್ಬರೂ ನಿರಾಕರಿಸಲಿಲ್ಲ. ನಮ್ಮ ತಂಡದಲ್ಲಿ ಅದನ್ನು ಸಂತೋಷದಿಂದ ಹೇಳಿಕೊಂಡರು. ನನಗೆ ಅದು ಸಂತೋಷದ ಸುದ್ದಿಯಾಗಿ ಕೇಳಲಿಲ್ಲ. ಮುಖಂಡರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಲ್ಲ ಎಂದು ಮಾರ್ಗಸೂಚಿಯಲ್ಲೇ ಇದೆ. ಒಂದೂ "ಬೇಡ" ಬಾರದ ಬೀದಿಯನ್ನು ಕಂಡರೆ ಈಗ ನನಗೆ ಮೊದಲು ಬರುವುದು ಅನುಮಾನ.

ಮಂಗಳೂರಿನ ಹೊರವಲಯದ ಒಂದು ಮನೆ. ಗಂಡ ಕುವೈತಿನಲ್ಲಿ. ಆಕೆ ಮಾಹಿತಿ ಪತ್ರವನ್ನು ತಾನೇ ಪೂರ್ತಿ ಓದಿದಳು, ಆಮೇಲೆ "ಅವರಲ್ಲಿ ಒಂದು ಮಾತು ಕೇಳ್ತೇನೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದಳು. ಸ್ಪೀಕರ್ ಆನ್ ಇತ್ತು. ಆತ "ಟೆಸ್ಟ್ ಮಾಡಿಸಿಕೋ, ಒಳ್ಳೆಯದೇ ಅಲ್ವಾ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಕೆ ಫೋನ್ ಇಟ್ಟು, ನನ್ನ ಮುಖ ನೋಡಿ, ಶಾಂತವಾಗಿ ಹೇಳಿದಳು: "ಅವರಿಗೆ ಬೇಡವಂತೆ ಅಕ್ಕಾ."

ನಾನು ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ ಅರ್ಥವಾಯಿತು. ಬೇಡವಾದದ್ದು ಆಕೆಗೆ. ತನ್ನ "ಬೇಡ"ವನ್ನು ಮನೆಗೆ ಬಂದವಳ ಎದುರು ಇಡಲು ಗಂಡನ ಹೆಸರು ಬೇಕಾಯಿತು. ಇಷ್ಟು ವರ್ಷ, ಗಂಡನ ಅನುಮತಿ ಕೇಳುವ ಹೆಂಗಸಿಗೆ ಸ್ವಂತ ನಿರ್ಧಾರ ಇಲ್ಲ ಎಂದು ಪುಸ್ತಕದಲ್ಲಿ ಓದಿದ್ದ ನನಗೆ ಆಕೆ ಬೇರೆ ಪಾಠ ಕಲಿಸಿದಳು. "ಆಯ್ತಮ್ಮ, ಏನೂ ತೊಂದರೆಯಿಲ್ಲ" ಎಂದು ಎದ್ದೆ. ಆಕೆ ಗೇಟಿನವರೆಗೂ ಬಂದು ಕಳಿಸಿಕೊಟ್ಟಳು. ಕಾರಣದ ಅಂಕಣದಲ್ಲಿ "ಗಂಡನ ನಿರಾಕರಣೆ" ಎಂದು ಬರೆಯಲು ಕೈ ಬರಲಿಲ್ಲ. "ಆಕೆ ಒಪ್ಪಲಿಲ್ಲ" ಎಂದು ಬರೆದೆ.

ಮನೆಯಲ್ಲಿ ಹಲವು ಹೆಂಗಸರಿದ್ದರೆ ಯಾರನ್ನು ಕೇಳಬೇಕೆಂದು ನಾವು ಆರಿಸುವಂತಿಲ್ಲ. ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞರು 1949ರಲ್ಲಿ ಮಾಡಿಕೊಟ್ಟ ಕೋಷ್ಟಕವೊಂದಿದೆ, ಅದು ಬೆರಳು ತೋರಿಸಿದವರೇ ಸರಿ. ಕೋಷ್ಟಕ ಹೆಚ್ಚಾಗಿ ಸೊಸೆಯನ್ನೇ ತೋರಿಸುತ್ತಿತ್ತೋ ಏನೋ ಎಂದು ನನಗೆ ಅನಿಸುವಷ್ಟು ಸಲ ಅತ್ತೆಯಂದಿರು "ಅವಳಿಗೆ ಏನು ಗೊತ್ತು, ನಾನು ಹೇಳ್ತೇನೆ" ಎಂದು ಪಕ್ಕದಲ್ಲಿ ಕೂತರು. ಮುಟ್ಟಿನ ರಕ್ತಸ್ರಾವದ ಪ್ರಶ್ನೆ ಬರುತ್ತದೆ, ಗರ್ಭ ಹೋದದ್ದರ ಪ್ರಶ್ನೆ ಬರುತ್ತದೆ. ಅತ್ತೆ ಎದುರಿಗಿರುವಾಗ ಸೊಸೆ ಕೊಟ್ಟ ಒಪ್ಪಿಗೆ ಯಾವುದಕ್ಕೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುತ್ತಾರೆ. ನಾವೂ ಬಿಡಲು ಕಲಿತೆವು. ಬಾವಿಕಟ್ಟೆಯ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂರಲು ಕಲಿತೆವು.

ಫಲಿತಾಂಶವನ್ನು ಅಲ್ಲೇ ಬರೆದು ಕೊಡುತ್ತಿದ್ದೆವು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು. ಒಬ್ಬ ಮೀನು ಮಾರುವ ಅಕ್ಕನ ಬಿಪಿ 190 ದಾಟಿತ್ತು. ಅವರು ಪ್ರಶ್ನೆಗಳಿಗೆ ಒಪ್ಪಿರಲಿಲ್ಲ, ಬಿಪಿಗೆ ಮಾತ್ರ ಒಪ್ಪಿದ್ದರು. ನಮ್ಮ ಲೆಕ್ಕಕ್ಕೆ ಆ ಮಾಹಿತಿ ಅಪೂರ್ಣ, ಉಪಯೋಗವಿಲ್ಲ. ಆದರೂ ಆ ಮಧ್ಯಾಹ್ನ ನಾವು ಬೇರೆ ಮನೆಗೆ ಹೋಗಲಿಲ್ಲ, ಅವರನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆವು.

ಕರಾವಳಿಯಲ್ಲಿ ವೈದ್ಯಕೀಯ ಕಾಲೇಜುಗಳು ಹತ್ತಿರ ಹತ್ತಿರ ಇವೆ. ಮಣಿಪಾಲದಲ್ಲಿ ಮೊದಲನೆಯದು ಶುರುವಾದದ್ದು 1953ರಲ್ಲಿ. ಸ್ನಾತಕೋತ್ತರ ವಿದ್ಯಾರ್ಥಿ ಪ್ರತಿಯೊಬ್ಬರಿಗೂ ಪ್ರಬಂಧ ಬೇಕು. ಹಾಗಾಗಿ ಕೆಲವು ಊರುಗಳ ಮನೆಗಳಿಗೆ ನಮ್ಮಂಥವರು ಪದೇ ಪದೇ ಹೋಗುತ್ತೇವೆ. ಒಬ್ಬ ಯಜಮಾನ್ತಿ ಬಾಗಿಲಲ್ಲೇ ಕೇಳಿದರು, "ಹೋದ ಸಲ ಬಂದವರು ರಕ್ತ ತಗೊಂಡು ಹೋದರಲ್ಲ, ಅದರಲ್ಲಿ ಎಂತ ಗೊತ್ತಾಯ್ತು?" ಯಾರು ಬಂದಿದ್ದರೆಂದು ಅವರಿಗೂ ನೆನಪಿಲ್ಲ, ನನಗೂ ಗೊತ್ತಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಹೊಸ ಹೆಬ್ಬೆಟ್ಟು ಕೇಳಲು ನಮಗೇನು ಹಕ್ಕು ಎಂದು ಅನಿಸಿತು. ನಮ್ಮ ಅಧ್ಯಯನ ಮುಗಿದ ಮೇಲೆ ಊರಿನ ಭಜನಾ ಮಂದಿರದಲ್ಲಿ ಒಂದು ಸಂಜೆ ಕೂತು, ಏನು ಕಂಡಿತು ಎಂದು ತುಳುವಿನಲ್ಲೇ ಹೇಳಿದೆವು. ಮೊದಲೇ ಯೋಜನೆಯಲ್ಲಿ ಬರೆದಿರಬೇಕಿತ್ತು, ಬರೆದಿರಲಿಲ್ಲ.

ಅಜ್ಜಿಯ ವಿಷಯವನ್ನು ನಾನು ಮೇಲ್ವಿಚಾರಕರಿಗೆ ಹೇಳಿದೆ, ಸಮಿತಿಗೂ ಬರೆದು ತಿಳಿಸಿದೆವು: ಸಾಕ್ಷಿ ಸ್ವತಂತ್ರರಾಗಿರಲಿಲ್ಲ, ಭಾಗವಹಿಸಿದವರು ಉದ್ದೇಶವನ್ನು ತಪ್ಪಾಗಿ ತಿಳಿದಿದ್ದಾರೆ ಎಂದು. ಪುನಃ ಹೋಗಿ ವಿವರಿಸಿ, ಅವರು ಹೇಳಿದಂತೆ ಮಾಡಿ ಎಂಬ ಉತ್ತರ ಬಂತು. ಹೆಸರನ್ನೂ ಸಂಕೇತ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇರೆ ಬೀರುವಿನಲ್ಲಿ ಇನ್ನೂ ಇತ್ತು, ಹಾಗಾಗಿ ಅವರ ಮಾಹಿತಿಯನ್ನು ಹುಡುಕಿ ತೆಗೆಯಲು ಸಾಧ್ಯವಿತ್ತು.

ಈ ಸಲ ಒಬ್ಬಳೇ ಹೋದೆ. ಟ್ಯಾಬ್ ಒಯ್ಯಲಿಲ್ಲ. ಬೆಲ್ಲ ನೀರು ಬರುವ ಮೊದಲೇ, ಅಂಗಳದಲ್ಲಿ ನಿಂತುಕೊಂಡೇ ಹೇಳಿದೆ: ಅಜ್ಜಿ, ನಾನು ಪಿಂಚಣಿಯವಳಲ್ಲ, ಸರಕಾರದವಳಲ್ಲ. ಓದಿನ ಕೆಲಸಕ್ಕೆ ಬಂದವಳು. ನೀವು ಕೊಟ್ಟದ್ದರಿಂದ ನಿಮಗೆ ಹಣ ಬರುವುದಿಲ್ಲ. ಮೊದಲೇ ಸರಿಯಾಗಿ ಹೇಳದ್ದು ನನ್ನ ತಪ್ಪು. ಬೇಡವಾದರೆ ಆ ಕಾಗದ ತೆಗೆದುಬಿಡುತ್ತೇನೆ, ನನಗೆ ಬೇಸರ ಇಲ್ಲ.

ಅವರು ಬೀಡಿಯ ಎಲೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ತುಂಬಾ ಹೊತ್ತು. ಆಮೇಲೆ ಹೇಳಿದರು: "ಬೊಡ್ಚಿ ಮಗಾ."

ನಾನು ಚೀಲದಿಂದ ಅವರ ಒಪ್ಪಿಗೆ ಪತ್ರ ತೆಗೆದು ಜಗಲಿಯ ಮೇಲಿಟ್ಟು, ಅವರ ಎದುರೇ ಅಡ್ಡ ಗೆರೆ ಎಳೆದೆ. ಹಿಂಪಡೆದಿದ್ದಾರೆ ಎಂದು ಬರೆದು ದಿನಾಂಕ ಹಾಕಿದೆ. ಗೆರೆ ಈ ತುದಿಯಿಂದ ಆ ತುದಿಗೆ ಮುಟ್ಟುವವರೆಗೂ ಅವರು ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ಬೆಲ್ಲದ ತುಂಡು, ತಂಬಿಗೆ ನೀರು ತಂದಿಟ್ಟು, ನನ್ನ ಅಮ್ಮನ ಮನೆ ಎಲ್ಲಿ ಎಂದು ಕೇಳಿದರು.